ಐವರ ಪಂಕ್ತಿ: ಕಾಲ್ಚೆಂಡಾಟದ ಮುಂಚೂಣಿ ಬೆಳೆದ ಬಗೆ

ಹಿಂದೂಪುರದ ಸುತ್ತಿನ ಹಳ್ಳಿಗಳಲ್ಲಿ ಶಾಲೆಯ ಸಂಜೆಯ ಗಂಟೆ ಬಾರಿಸಿದ ಮೇಲೆ ನಡೆಯುವ ಕಾಲ್ಚೆಂಡಾಟವನ್ನು ನಮ್ಮ ಉಪಾಧ್ಯಾಯಮಿತ್ರರೆಲ್ಲರೂ ಕಂಡಿದ್ದಾರೆ. ಕಡಲೆಕಾಯಿ ಕಿತ್ತ ಹೊಲವೇ ಅಲ್ಲಿ ಮೈದಾನ. ಎರಡು ಕಲ್ಲುಗಳ ನಡುವಣ ತೆರಪೇ ಗೋಲು. ಚೆಂಡು ಯಾವ ಮೂಲೆಗೆ ಉರುಳಿದರೂ ಇಪ್ಪತ್ತು ಹುಡುಗರೂ ಅದೇ ಮೂಲೆಗೆ ಧಾವಿಸುತ್ತಾರೆ. ಬೆಲ್ಲದ ಅಚ್ಚಿಗೆ ಮುತ್ತಿದ ಇರುವೆಗಳ ಹಾಗೆ ಒಂದು ಗುಂಪು, ಆ ಗುಂಪಿನ ಮೇಲೊಂದು ಧೂಳಿನ ಮೋಡ. ಆಟ ನಿಲ್ಲಿಸಿ, ‘ನಿಮ್ಮಲ್ಲಿ ಮುಂದೆ ನಿಂತು ಗೋಲು ಹೊಡೆಯುವವರು ಯಾರು?’ ಎಂದು ಕೇಳಿದರೆ ಎಲ್ಲ ಕೈಗಳೂ ಮೇಲೇಳುತ್ತವೆ. ‘ಅವನಿಗೆ ಚೆಂಡನ್ನು ತಂದುಕೊಡುವವರು ಯಾರು?’ ಎಂದರೆ ಒಂದು ಕೈಯೂ ಏಳುವುದಿಲ್ಲ.

ಚರಿತ್ರೆಯ ಪಾಠ ಹೇಳುವ ನಮಗೆ ಇದು ಹೊಸ ನೋಟವೆಂದು ತೋರುವುದಿಲ್ಲ. ಕಾಲ್ಚೆಂಡಾಟವನ್ನು ಕಲ್ಪಿಸಿದ ಜನರೇ ಮೊದಲಲ್ಲಿ ಹೀಗೆಯೇ ಆಡಿದರು. 1863ರಲ್ಲಿ ಲಂಡನ್ನಿನಲ್ಲಿ ನಿಯಮಗಳನ್ನು ಬರೆದಾಗ ಚೆಂಡಿಗಿಂತ ಮುಂದೆ ನಿಂತವನು ಆಟದಲ್ಲಿ ಪಾಲುಗೊಳ್ಳುವಂತೆಯೇ ಇರಲಿಲ್ಲ. ಮುಂದೆ ನಿಂತವನಿಗೆ ಚೆಂಡು ಕೊಡುವ ಹಾಗಿಲ್ಲವೆಂದ ಮೇಲೆ ಉಳಿದ ದಾರಿ ಒಂದೇ: ಚೆಂಡನ್ನು ಕಾಲಿಗೆ ಕಟ್ಟಿಕೊಂಡವನಂತೆ ಒಬ್ಬನು ಓಡಬೇಕು, ಅವನಿಂದ ಜಾರಿದರೆ ಹಿಡಿಯಲೆಂದು ಮಿಕ್ಕವರು ಅವನ ಬೆನ್ನಿಗೆ ಓಡಬೇಕು. 1866ರಲ್ಲಿ ಈ ನಿಯಮ ಸಡಿಲಿತು. ಎದುರಾಳಿಗಳಲ್ಲಿ ಮೂವರು ತನಗೂ ಗೋಲುಗೆರೆಗೂ ನಡುವೆ ಇದ್ದರೆ ಮುಂದಿನವನು ಚೆಂಡನ್ನು ಪಡೆಯಬಹುದೆಂದಾಯಿತು. ಆದರೆ ನಿಯಮ ಬದಲಾದ ದಿನವೇ ಅಭ್ಯಾಸ ಬದಲಾಗುವುದುಂಟೆ? 1872ರ ನವಂಬರ್ 30ರಂದು ಗ್ಲಾಸ್ಗೋ ನಗರದಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಇಂಗ್ಲೆಂಡಿನ ಹನ್ನೊಂದು ಮಂದಿಯಲ್ಲಿ ಬಹುಪಾಲು ಜನ ಮುಂದೆಯೇ ಇದ್ದರು. ಸ್ಕಾಟ್ಲೆಂಡಿನವರೂ ಆರು ಮಂದಿಯನ್ನು ಮುಂದೆ ನಿಲ್ಲಿಸಿದ್ದರು. ಇಷ್ಟು ಜನ ಗೋಲಿಗೆ ಮುತ್ತಿಗೆ ಹಾಕಿದ ಆ ಪಂದ್ಯದಲ್ಲಿ ಬಿದ್ದ ಗೋಲುಗಳ ಸಂಖ್ಯೆ ಸೊನ್ನೆ! ನಮ್ಮ ಹುಡುಗರಿಗೆ ನಾವು ಮೊದಲು ಹೇಳಬೇಕಾದ ಇಸವಿ ಇದೇ ಎಂದು ನಮ್ಮ ಅಭಿಪ್ರಾಯ.

ಸ್ಕಾಟ್ಲೆಂಡಿನವರು ಒಬ್ಬರಿಗೊಬ್ಬರು ಚೆಂಡನ್ನು ಸಾಗಿಸಿ ಆಡುವ ಪದ್ಧತಿಯನ್ನು ಬೆಳೆಸಿದರು. ಹಾಗೆ ಸಾಗಿಸುವುದಕ್ಕೆ ಮೈದಾನದ ಅಗಲವನ್ನೆಲ್ಲ ಬಳಸಬೇಕು. ಅಗಲವನ್ನು ಬಳಸಬೇಕಾದರೆ ಪ್ರತಿಯೊಬ್ಬನಿಗೂ ಒಂದು ಸ್ಥಾನ ಬೇಕು. ಈ ಅಗತ್ಯದಿಂದಲೇ 1880ರ ದಶಕದ ಹೊತ್ತಿಗೆ ಇಬ್ಬರು ಬ್ಯಾಕುಗಳು, ಮೂವರು ಹಾಫ್‌ಬ್ಯಾಕುಗಳು, ಐವರು ಫಾರ್ವರ್ಡುಗಳು ಎಂಬ ವ್ಯೂಹ ನೆಲೆಗೊಂಡಿತು. ಆ ಐವರ ಪಂಕ್ತಿ ಅರ್ಧ ಶತಮಾನಕ್ಕೂ ಮಿಕ್ಕಿ ಲೋಕವನ್ನಾಳಿತು. ಅದರ ಎರಡು ತುದಿಗಳಲ್ಲಿ ಗೆರೆಗೆ ಒತ್ತಿಕೊಂಡು ಓಡುವ ಇಬ್ಬರು ‘ಔಟ್’ಗಳು, ನಡುವೆ ಗೋಲಿಗೆ ಎದುರಾಗಿ ‘ಸೆಂಟರ್ ಫಾರ್ವರ್ಡ್’, ಅವನಿಗೂ ತುದಿಯವರಿಗೂ ಮಧ್ಯೆ, ತುಸು ಹಿಂದಕ್ಕೆ, ಇಬ್ಬರು ‘ಇನ್’ಗಳು. ತುದಿಯವನಿಗೆ ವೇಗ ಬೇಕು, ಓಡುತ್ತಲೇ ಚೆಂಡನ್ನು ನಡುವಿಗೆ ಎತ್ತಿಕೊಡುವ ಕಾಲಳತೆ ಬೇಕು. ನಡುವಿನವನಿಗೆ ಎದೆಗಾರಿಕೆ ಬೇಕು. ಇನ್ನಿಗೆ ಬೇಕಾದದ್ದು ಕಣ್ಣು. ಹಾಫ್‌ಬ್ಯಾಕಿನಿಂದ ಚೆಂಡನ್ನು ಪಡೆದು, ಒಂದು ಕ್ಷಣ ತಡೆದು, ಯಾರ ಮುಂದೆ ತೆರಪಿದೆಯೆಂದು ಕಂಡು ಅಲ್ಲಿಗೆ ಕಳುಹಿಸುವುದು ಅವನ ಕೆಲಸ. ಐವರೂ ಒಂದೇ ಬಗೆಯವರಾದರೆ ಪಂಕ್ತಿಯಾಗುವುದಿಲ್ಲ, ಗುಂಪಾಗುತ್ತದೆ. ಪಂಕ್ತಿಯನ್ನು ಕಟ್ಟುವವನು ಐದು ಗೋಲುಗಾರರನ್ನು ಹುಡುಕದೆ ಐದು ಬೇರೆ ಬೇರೆ ಗುಣಗಳನ್ನು ಹುಡುಕಬೇಕು.

ನಮ್ಮ ದೇಶದಲ್ಲಿ ಇದಕ್ಕೆ ಮೊದಲ ದೊಡ್ಡ ನಿದರ್ಶನ 1911ರ ಜುಲೈ 29ರಂದು ದೊರೆಯಿತು. ಅಂದು ಕಲ್ಕತ್ತೆಯ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡು ಗೋಲುಗಳಿಗೆ ಒಂದರಂತೆ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುಕೊಂಡಿತು. ಹನ್ನೊಬ್ಬರಲ್ಲಿ ಬೂಟು ತೊಟ್ಟವರು ಸುಧೀರ್ ಚಟರ್ಜಿ ಒಬ್ಬರೇ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಪಂಕ್ತಿಯ ಎಡಭಾಗದಲ್ಲಿ ಔಟ್ ಆಗಿ ಶಿವದಾಸ ಭಾದುರಿಯೂ ಅವರ ಪಕ್ಕದಲ್ಲಿ ಇನ್ ಆಗಿ ವಿಜಯದಾಸ ಭಾದುರಿಯೂ ಇದ್ದರೆಂಬುದನ್ನು ಹೇಳುವವರು ಕಡಮೆ. ಇವರು ಒಡಹುಟ್ಟಿದವರು. ಒಬ್ಬನು ತಲೆಯೆತ್ತದೆ ಕಳುಹಿಸಿದ ಚೆಂಡು ಇನ್ನೊಬ್ಬನ ಕಾಲಿಗೆ ತಲುಪಬೇಕಾದರೆ ಒಂದೇ ಅಂಗಳದಲ್ಲಿ ಬೆಳೆದಷ್ಟು ಬಳಕೆ ಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ಹಿಂದೂಪುರದಿಂದ ರೈಲು ಹತ್ತಿ ಗೌರಿಬಿದನೂರನ್ನು ದಾಟಿ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರು ಹೋದರೆ ಬೆಂಗಳೂರು. ಅಲ್ಲಿನ ದಂಡುಪ್ರದೇಶದಲ್ಲಿ ಆಂಗ್ಲ ಸೈನಿಕರು ಬೂಟು ತೊಟ್ಟು ಆಡುತ್ತಿದ್ದ ಆಟವನ್ನು ಸುತ್ತಲಿನ ಬೀದಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಅವರು ಎಷ್ಟು ಚೆನ್ನಾಗಿ ಕಲಿತರೆಂಬುದಕ್ಕೆ 1937ನೆಯ ಇಸವಿಯೇ ಸಾಕ್ಷಿ. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಸೈನಿಕ ತಂಡಗಳ ಸೊತ್ತಿನಂತಿದ್ದ ಆ ಕಪ್ಪು ಭಾರತೀಯರ ಕೈಸೇರಿದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು.

1948ರಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡ ಲಂಡನ್ನಿಗೆ ಹೋದಾಗ ಅದರಲ್ಲಿ ಬೆಂಗಳೂರಿನ ಮೈದಾನಗಳಲ್ಲಿ ಪಳಗಿದವರು ಹಲವರಿದ್ದರು. ಜುಲೈ 31ರಂದು ಫ್ರಾನ್ಸಿನ ಮೇಲೆ ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು; ಎರಡನೆಯ ಅರ್ಧದಲ್ಲಿ ಮೈಸೂರಿನ ಶಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ದೊರೆತ ಎರಡು ಪೆನಾಲ್ಟಿ ಒದೆತಗಳು ವ್ಯರ್ಥವಾದವು. ಆಟ ಮುಗಿಯುವುದಕ್ಕೆ ಇನ್ನೇನು ಒಂದು ನಿಮಿಷವಿದೆಯೆನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಇಂದಿಗೂ ಪಟ್ಟಿಗಳಲ್ಲಿ ಉಳಿದಿರುವುದು ‘ರಾಮನ್, 70ನೆಯ ನಿಮಿಷ’ ಎಂಬ ಎರಡು ಶಬ್ದ. ಪಟ್ಟಿಗಳ ಸ್ವಭಾವವೇ ಹಾಗೆ. ಚೆಂಡನ್ನು ಕೊನೆಯಲ್ಲಿ ಒದೆದವನ ಹೆಸರನ್ನು ಬರೆಯುತ್ತವೆ, ಅದು ಅಲ್ಲಿಗೆ ಹೇಗೆ ಬಂದಿತೆಂಬುದನ್ನು ಬರೆಯುವುದಿಲ್ಲ.

ಆ ತಂಡದಲ್ಲಿ ಅಹ್ಮದ್ ಖಾನ್ ಎಂಬ ಬೆಂಗಳೂರಿನ ಯುವಕರಿದ್ದರು. 1926ರಲ್ಲಿ ಹುಟ್ಟಿದವರು, ಕಾಲ್ಚೆಂಡಾಟದ ಮನೆತನದವರು. ಮರುವರ್ಷ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ಸಂಘದ ಕಾರ್ಯದರ್ಶಿಗಳಾಗಿದ್ದ ಜ್ಯೋತಿಷಚಂದ್ರ ಗುಹರಿಗೆ ದಕ್ಷಿಣದ ಆಟಗಾರರ ಮೇಲೆ ಬಹು ನಂಬಿಕೆ. ಆಂಧ್ರದ ಅಪ್ಪಾರಾವ್ ಅವರೂ ಕೇರಳದ ಸಾಲೆಯವರೂ ಅಲ್ಲಿ ಮೊದಲೇ ನೆಲೆಸಿದ್ದರು. ವೆಂಕಟೇಶ್, ಧನರಾಜ್, ಅಹ್ಮದ್ ಖಾನ್ ಅವರ ಜೊತೆಗೂಡಿದ ಮೇಲೆ ಐವರ ಪಂಕ್ತಿ ಪೂರ್ಣವಾಯಿತು. ಬಲದ ತುದಿಯಲ್ಲಿ ವೆಂಕಟೇಶ್, ಅವರ ಪಕ್ಕಕ್ಕೆ ಅಪ್ಪಾರಾವ್, ನಡುವೆ ಧನರಾಜ್, ಅವರ ಎಡಕ್ಕೆ ಅಹ್ಮದ್ ಖಾನ್, ಎಡದ ತುದಿಯಲ್ಲಿ ಸಾಲೆ. ಕಲ್ಕತ್ತೆಯ ಜನ ಈ ಐವರನ್ನು ‘ಪಂಚಪಾಂಡವರು’ ಎಂದು ಕರೆದರು.

ಲೇಪಾಕ್ಷಿಯ ಮೇಲ್ಛಾವಣಿಯಲ್ಲಿ ಕಿರಾತಾರ್ಜುನರ ಚಿತ್ರವನ್ನು ಕತ್ತೆತ್ತಿ ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಪಾಂಡವರೆಂದರೆ ಅರ್ಜುನನೇ. ನಮ್ಮ ಕವಿಗಳೂ ಇದಕ್ಕೆ ಕಾರಣರಲ್ಲವೆನ್ನಲಾಗದು. ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡನು, ರನ್ನನು ಭೀಮನನ್ನು. ನಕುಲ ಸಹದೇವರನ್ನು ಕಥಾನಾಯಕರನ್ನಾಗಿ ಹಿಡಿದು ಹಾಡಿದ ಮಹಾಕವಿ ನಮ್ಮಲ್ಲಿ ಹುಟ್ಟಲಿಲ್ಲ! ಕಾಲ್ಚೆಂಡಾಟದ ಪಾಂಡವರ ವಿಷಯದಲ್ಲಾದರೋ ಬಂಗಾಳದ ಜನ ಹೆಚ್ಚು ನ್ಯಾಯವಂತರಾಗಿದ್ದರೆಂದು ತೋರುತ್ತದೆ. ಅವರು ಐವರ ಹೆಸರನ್ನೂ ಒಟ್ಟಿಗೆ ಹೇಳಿದರು, ಇಂದಿಗೂ ಒಟ್ಟಿಗೇ ಹೇಳುತ್ತಾರೆ.

ಈ ಪಂಕ್ತಿಯ ಸಾಧನೆ ಸಾಮಾನ್ಯದ್ದಲ್ಲ. 1949ರಲ್ಲಿ ಈಸ್ಟ್ ಬೆಂಗಾಲ್ ತಂಡ ಕಲ್ಕತ್ತೆ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದಿತು. ಷೀಲ್ಡನ್ನು 1949, 1950, 1951 ಹೀಗೆ ಸತತವಾಗಿ ಮೂರು ಸಲ ಗೆದ್ದಿತು. ಡ್ಯುರಾಂಡ್ ಕಪ್ಪನ್ನು 1951, 1952ರಲ್ಲಿ ಗೆದ್ದಿತು. ಇಷ್ಟನ್ನು ಸಾಧಿಸಿದ ಐವರ ಮನೆಮಾತು ಒಂದಲ್ಲ, ಹುಟ್ಟಿದೂರು ಒಂದಲ್ಲ, ಅವರು ಆಡಿದ ನಗರದ ಮಾತಾದ ಬಂಗಾಳಿ ಯಾರ ತಾಯಿನುಡಿಯೂ ಅಲ್ಲ. ಭಾದುರಿ ಸೋದರರಿಗೆ ಒಂದೇ ಅಂಗಳ ಕೊಟ್ಟ ಬಳಕೆಯನ್ನು ಇವರು ಒಟ್ಟಿಗೆ ಆಡಿ ಆಡಿಯೇ ಗಳಿಸಬೇಕಾಯಿತು. ಒಂದು ಸೋಲಿಗೆಲ್ಲ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕುವ ಅವಸರವನ್ನು ತೋರಿದ್ದರೆ ಈ ಪಂಕ್ತಿ ಆಗುತ್ತಿರಲಿಲ್ಲ. ಅಹ್ಮದ್ ಖಾನರ ಕಾಲಿನಲ್ಲಿ ಚೆಂಡು ಎದುರಾಳಿಯನ್ನು ಮೋಡಿಮಾಡುವ ಬಗೆಗೆ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಂದಿತ್ತು. ಇನ್‌ಸೈಡ್ ಫಾರ್ವರ್ಡಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದಿದೆ? ಹಾವಾಡಿಗನು ಕಚ್ಚುವವನಲ್ಲ; ಎಲ್ಲರ ಕಣ್ಣನ್ನೂ ಒಂದು ಕಡೆಗೆ ಸೆಳೆದು ನಿಲ್ಲಿಸುವವನು. ಬ್ಯಾಕುಗಳ ಕಣ್ಣು ಅವರ ಪಾದದ ಮೇಲಿರುವಾಗ ಸಾಲೆಯವರ ಮುಂದೆ ದಾರಿ ತೆರೆಯುತ್ತಿತ್ತು.

1951ರ ಮಾರ್ಚ್ ತಿಂಗಳಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದಾಗ ವೆಂಕಟೇಶ್, ಅಹ್ಮದ್ ಖಾನ್, ಸಾಲೆ ಮೂವರೂ ಭಾರತದ ತಂಡದಲ್ಲಿದ್ದರು. ಮಾರ್ಚ್ 10ರಂದು ಇರಾನಿನ ಮೇಲೆ ಮೇವಾಲಾಲರು ಹೊಡೆದ ಒಂದೇ ಗೋಲಿನಿಂದ ನಮಗೆ ಚಿನ್ನದ ಪದಕ ಬಂದಿತು. ಆದರೆ ಮರುವರ್ಷ ಜುಲೈ ತಿಂಗಳಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ನಮ್ಮನ್ನು ಹತ್ತು ಗೋಲುಗಳಿಗೆ ಒಂದರಂತೆ ಸದೆಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು, ಅದೂ ಕೊನೆಯ ಗಳಿಗೆಯಲ್ಲಿ. ಸೋಲಿಗೆ ಬರಿಗಾಲೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಸತ್ಯವೆಂದೇ ನಮಗೆ ತೋರುತ್ತದೆ.

ಮಿಕ್ಕ ಅರ್ಧವನ್ನು ತಿಳಿಯಲು ಮತ್ತೆ ನಿಯಮದ ಕಡೆಗೆ ನೋಡಬೇಕು. 1925ರಲ್ಲಿ ಆಫ್‌ಸೈಡ್ ನಿಯಮದ ‘ಮೂವರು’ ಎಂಬುದು ‘ಇಬ್ಬರು’ ಎಂದಾಯಿತು. ಮುಂಚೂಣಿಗೆ ಇದರಿಂದ ಬಲ ಬಂದದ್ದರಿಂದ ಗೋಲುಗಳು ಸುರಿದವು. ಆಗ ಇಂಗ್ಲೆಂಡಿನ ಆರ್ಸನಲ್ ತಂಡದ ಹರ್ಬರ್ಟ್ ಚಾಪ್ಮನ್ ಮೊದಲಾದವರು ನಡುವಣ ಹಾಫ್‌ಬ್ಯಾಕನ್ನು ಹಿಂದಕ್ಕೆ ಎಳೆದು ಮೂರನೆಯ ಬ್ಯಾಕನ್ನಾಗಿ ಮಾಡಿದರು. ಅವನು ಬಿಟ್ಟ ತೆರಪನ್ನು ತುಂಬಲು ಇಬ್ಬರು ಇನ್ನುಗಳನ್ನೂ ಕೆಳಕ್ಕೆ ಇಳಿಸಿದರು. ಹೀಗೆ ಹೊರಗಿನ ಲೋಕ ಐವರ ಪಂಕ್ತಿಯನ್ನು ಮಡಿಸಿ ಕಾಲು ಶತಮಾನ ಕಳೆದಿದ್ದರೂ ನಾವು ಹಳೆಯ ವ್ಯೂಹವನ್ನೇ ನೆಚ್ಚಿ ಹೋಗಿದ್ದೆವು. ಮುಂದೆ ಐವರು ಎಷ್ಟೇ ಸಮರ್ಥರಾಗಿರಲಿ, ಹಿಂದೆ ಇಬ್ಬರೇ ಬ್ಯಾಕುಗಳು ನಿಂತಾಗ ಚೆಂಡು ಆ ಐವರವರೆಗೆ ಬರುವುದಾದರೂ ಎಂತು?

ಇದನ್ನು ಅರಿತು ಮುಂಚೂಣಿಯನ್ನು ಹೊಸದಾಗಿ ಕಟ್ಟಿದವರು ಒಬ್ಬ ಶಾಲಾ ಉಪಾಧ್ಯಾಯರು. ಇದನ್ನು ನಮ್ಮ ವೃತ್ತಿಬಾಂಧವರು ಹೆಮ್ಮೆಯಿಂದ ನೆನೆಯಬೇಕು. 1909ರಲ್ಲಿ ಹುಟ್ಟಿದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ಕಾಚಿಗುಡ ಮಾಧ್ಯಮಿಕ ಶಾಲೆ, ಚಾದರಘಾಟ್ ಪ್ರೌಢಶಾಲೆ ಮೊದಲಾದೆಡೆಗಳಲ್ಲಿ ಪಾಠ ಹೇಳಿದವರು. ಅವರು ತರಬೇತು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ರೋವರ್ಸ್ ಕಪ್ಪನ್ನು ಗೆದ್ದಿತು. 1956ರಿಂದ 2014ರವರೆಗೆ ಹೈದರಾಬಾದೂ ಹಿಂದೂಪುರವೂ ಒಂದೇ ರಾಜ್ಯದಲ್ಲಿದ್ದವೆಂಬ ನಂಟಿನಿಂದ ರಹೀಮರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ನಮಗೂ ಸ್ವಲ್ಪ ಉಂಟು.

ರಹೀಮರ ಪಾಠಕ್ರಮ ಕೇಳತಕ್ಕದ್ದು. ದುರ್ಬಲವಾದ ಕಾಲಿನಿಂದ ಮಾತ್ರ ಒದೆಯಬೇಕೆಂಬ ಕಟ್ಟಳೆಯಿಟ್ಟು ಅವರು ಪಂದ್ಯಾವಳಿಗಳನ್ನು ನಡೆಸುತ್ತಿದ್ದರು. ಬಲಗಾಲಿನವನು ಎಡಗಾಲಿನಲ್ಲಿಯೇ ಆಡಬೇಕು. ಇನ್ನೊಂದು ಬಗೆಯ ಪಂದ್ಯದಲ್ಲಿ ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ಓಡುವಂತೆಯೇ ಇಲ್ಲ. ಬಂದ ಕೂಡಲೆ ಬೇರೊಬ್ಬನಿಗೆ ಕಳುಹಿಸಿಬಿಡಬೇಕು. ಮೊದಲನೆಯ ಕಟ್ಟಳೆ ಎರಡನೆಯ ಕಾಲನ್ನು ಕೊಡುತ್ತದೆ. ಎರಡನೆಯ ಕಟ್ಟಳೆ ಚೆಂಡು ಬರುವುದಕ್ಕೆ ಮೊದಲೇ ತಲೆಯೆತ್ತಿ ನೋಡುವ ಅಭ್ಯಾಸವನ್ನು ಕೊಡುತ್ತದೆ. ಎರಡಕ್ಕೂ ಬೇಕಾದ ಖರ್ಚು ಒಂದು ಕಾಸೂ ಇಲ್ಲ. ನಮ್ಮ ಬಡ ಶಾಲೆಗಳಿಗೆ ಇದಕ್ಕಿಂತ ಒಗ್ಗುವ ಪಾಠವನ್ನು ನಾವು ಕಂಡಿಲ್ಲ.

1953ರ ನವಂಬರ್ 25ರಂದು ಹಂಗೇರಿಯವರು ತಮ್ಮ ಸೆಂಟರ್ ಫಾರ್ವರ್ಡ್ ಹಿಡೆಕುಟಿಯನ್ನು ಹಿಂದಕ್ಕೆ ಇಳಿಸಿ ಆಡಿಸಿ ಇಂಗ್ಲೆಂಡನ್ನು ಅದರ ನೆಲದಲ್ಲಿಯೇ ಆರು ಗೋಲುಗಳಿಗೆ ಮೂರರಂತೆ ಸೋಲಿಸಿದ್ದು ಲೋಕಕ್ಕೆಲ್ಲ ಪಾಠವಾಯಿತು. ರಹೀಮರೂ ಆ ದಾರಿಯಲ್ಲಿ ಪ್ರಯೋಗ ನಡೆಸಿದರು. ಹೆಲ್ಸಿಂಕಿಯ ಅವಮಾನವಾದ ನಾಲ್ಕೇ ವರ್ಷಕ್ಕೆ, 1956ರಲ್ಲಿ, ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡು ಗೋಲುಗಳಿಂದ ಸೋಲಿಸಿ ಉಪಾಂತ್ಯಕ್ಕೇರಿತು. ಏಷ್ಯದ ಯಾವ ದೇಶವೂ ಅದುವರೆಗೆ ಅಷ್ಟು ದೂರ ಸಾಗಿರಲಿಲ್ಲ. ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಅಮರವಾಯಿತು. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದರೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರು? ಮುಂಚೂಣಿಯ ಬೇರು ಹಾಫ್‌ಬ್ಯಾಕಿನಲ್ಲಿದೆ.

1962ರ ಜಕಾರ್ತದ ಕಥೆ ಇನ್ನೂ ಸ್ವಾರಸ್ಯವಾದದ್ದು. ಪಿ. ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ತುಳಸಿದಾಸ್ ಬಲರಾಮ್ ಎಂಬ ಮೂವರು ಫಾರ್ವರ್ಡುಗಳು ರಹೀಮರ ಬಳಿ ಇದ್ದರು. ಇವರಲ್ಲಿ ಸಿಕಂದರಾಬಾದಿನ ಬಲರಾಮರು ಪಂಕ್ತಿಯ ಯಾವ ಸ್ಥಾನದಲ್ಲಿಯೂ ನಿಲ್ಲಬಲ್ಲವರು. ತಂಡಕ್ಕೆ ಬೇಕೆಂದಾಗ ನಡುವನ್ನು ಬಿಟ್ಟು ತುದಿಗೆ ಹೋದವರು. ಮೊದಲ ಆಟದಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು ಸೋಲಿಸಿತು. ಥಾಯ್ಲೆಂಡಿನೊಡನೆ ಆಡುವಾಗ ಬ್ಯಾಕ್ ಜರ್ನೈಲ್ ಸಿಂಗರ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ಅಂಥವರನ್ನು ಮನೆಗೆ ಕಳುಹಿಸುವುದು ಲೋಕರೂಢಿ. ರಹೀಮರಾದರೋ ಅವರನ್ನು ಉಪಾಂತ್ಯದಲ್ಲಿ ಸೆಂಟರ್ ಫಾರ್ವರ್ಡ್ ಮಾಡಿದರು! ಕುಶಲಿಗಳಾದ ಮೂವರ ನಡುವೆ ಎದುರಾಳಿಯ ಬ್ಯಾಕುಗಳನ್ನು ಎದೆಗೊಟ್ಟು ತಡೆದು ನಿಲ್ಲುವ ಒಬ್ಬ ಗಟ್ಟಿಗನ ಕೊರತೆ ಪಂಕ್ತಿಯಲ್ಲಿತ್ತು. ಆ ಕೊರತೆಯನ್ನು ಅವರು ಬ್ಯಾಕಿನಿಂದ ತುಂಬಿದರು. ಜರ್ನೈಲರು ದಕ್ಷಿಣ ವಿಯೆಟ್ನಾಮಿನ ಮೇಲೆ ಒಂದು ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾದ ಮೇಲೆ 17ನೆಯ ನಿಮಿಷ ಬ್ಯಾನರ್ಜಿಯವರದೂ 20ನೆಯ ನಿಮಿಷ ಜರ್ನೈಲರದೂ ಎರಡು ಗೋಲುಗಳಾಗಿ, ಎರಡಕ್ಕೆ ಒಂದರಂತೆ ಚಿನ್ನ ನಮ್ಮದಾಯಿತು. ಮರುವರ್ಷ ಜೂನ್ 11ರಂದು ರಹೀಮರು ಶ್ವಾಸಕೋಶದ ಅರ್ಬುದದಿಂದ ತೀರಿಕೊಂಡರು. ಏಷ್ಯನ್ ಕ್ರೀಡೆಗಳ ಕಾಲ್ಚೆಂಡಾಟದಲ್ಲಿ ಭಾರತಕ್ಕೆ ಚಿನ್ನ ಆಮೇಲೆ ಬಂದಿಲ್ಲ.

ಮೈಸೂರಿನವರು 1952-53, 1967-68, 1968-69ರಲ್ಲಿ ಮತ್ತೆ ಸಂತೋಷ್ ಟ್ರೋಫಿಯನ್ನು ಗೆದ್ದರು. ಆ ಬಳಿಕ ಕರ್ನಾಟಕ ಅದನ್ನು ಮುಟ್ಟಿದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ, ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ. ಅಹ್ಮದ್ ಖಾನರು ಅದನ್ನು ಕಾಣಲಿಲ್ಲ. ಅವರು 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು.

ಈ ಚರಿತ್ರೆಯನ್ನು ಇಷ್ಟು ವಿಸ್ತಾರವಾಗಿ ಹೇಳಲು ನಮ್ಮ ಒಂದು ತಪ್ಪೂ ಕಾರಣ. ಕೆಲವು ವರ್ಷಗಳ ಕೆಳಗೆ ಕಲ್ಯಾಣದುರ್ಗದಲ್ಲಿ ಒಂದು ಪಂದ್ಯಕ್ಕೆಂದು ಗಡಿಭಾಗದ ಕನ್ನಡ ಶಾಲೆಗಳ ಹುಡುಗರಿಂದ ತಂಡವನ್ನು ಆರಿಸುವ ಹೊಣೆ ನಮ್ಮ ಮೇಲೆ ಬಿತ್ತು. ಯಾವ ಒಂದು ಶಾಲೆಯಲ್ಲಿಯೂ ಹನ್ನೊಂದು ಹುಡುಗರು ಸಿಕ್ಕದೆ ನಾಲ್ಕು ಹಳ್ಳಿಗಳಿಂದ ಕೂಡಿಸಬೇಕಾಯಿತು. ಪಕ್ಕದ ತೆಲುಗು ಶಾಲೆಯಿಂದಲೂ ಇಬ್ಬರನ್ನು ಕೇಳಿ ಪಡೆದೆವು. ಅಭ್ಯಾಸದ ಆಟಗಳಲ್ಲಿ ಯಾರು ಎಷ್ಟು ಗೋಲು ಹೊಡೆದರೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆವು. ಆ ಲೆಕ್ಕದಂತೆ ಹೆಚ್ಚು ಗೋಲು ಹೊಡೆದ ಐವರನ್ನು ಮುಂದೆ ನಿಲ್ಲಿಸಿದೆವು. ಪಾವಗಡದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ತೆಳ್ಳಗಿನ ಹುಡುಗನೊಬ್ಬನ ಹೆಸರಿನೆದುರು ಸೊನ್ನೆಯಿತ್ತು, ಅವನನ್ನು ಬಿಟ್ಟೆವು. ಪಂದ್ಯದಲ್ಲಿ ನಮ್ಮ ಐವರು ಗೋಲುಗಾರರು ಗೋಲಿನ ಮುಂದೆ ಕೈಯೆತ್ತಿ ಚೆಂಡಿಗಾಗಿ ಕೂಗುತ್ತ ನಿಂತರು. ಚೆಂಡು ಅವರವರೆಗೆ ಬರಲೇ ಇಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, ಅತಿ ಹೆಚ್ಚು ಗೋಲು ಹೊಡೆದಿದ್ದ ಹುಡುಗನೇ ನಮ್ಮ ಬಳಿಗೆ ಬಂದು, ‘ಅವನಿದ್ದಿದ್ದರೆ ಚೆಂಡು ಬರುತ್ತಿತ್ತು, ಸಾರ್’ ಎಂದನು. ನಮ್ಮ ಪುಸ್ತಕದಲ್ಲಿದ್ದ ಅವನ ಒಂಬತ್ತು ಗೋಲುಗಳಲ್ಲಿ ಆರಕ್ಕೆ ಚೆಂಡನ್ನು ತಂದುಕೊಟ್ಟವನು ಆ ಸೊನ್ನೆಯ ಹುಡುಗನೆಂದು ಆಗ ತಿಳಿಯಿತು. ಮಾರನೆಯ ವಾರ ಅವನ ಹಳ್ಳಿಗೆ ಹೋಗಿ ಮಾತನಾಡಿದೆವು. ಅವನು ನಕ್ಕು, ‘ಪರವಾಗಿಲ್ಲ ಸಾರ್, ಮುಂದಿನ ವರ್ಷ ನೋಡೋಣ’ ಎಂದನು. ಮುಂದಿನ ವರ್ಷ ಅವನ ಶಾಲೆಯಲ್ಲಿ ಮೇಲಿನ ತರಗತಿಯಿರಲಿಲ್ಲ. ಅವನು ಬೇರೆ ಊರಿಗೆ ಹೋದನು.

2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆದ್ದರಿಂದ ಆ ನಾಲ್ಕು ಹಳ್ಳಿಗಳ ಹುಡುಗರನ್ನು ಜಿಲ್ಲಾ ಪಂದ್ಯಗಳಿಗೆ ಒಂದೇ ತಂಡವಾಗಿ ಕಟ್ಟುವಂತಿಲ್ಲ. ಸಂಕ್ರಾಂತಿಯ ರಜೆಯಲ್ಲಿ ಮಾತ್ರ ಎರಡು ಕಡೆಯವರೂ ಸೇರಿ ಆಡುತ್ತಾರೆ. ಈ ಸಲ ಮೊದಲ ದಿನ ಎಡಗಾಲಿನ ಆಟವನ್ನೂ ಎರಡನೆಯ ದಿನ ಚೆಂಡು ಹಿಡಿದು ಓಡದ ಆಟವನ್ನೂ ಇಡಬೇಕೆಂದಿದ್ದೇವೆ. ಲೆಕ್ಕದ ಪುಸ್ತಕವೂ ಹೊಸದು. ಅದರಲ್ಲಿ ಗೋಲು ಹೊಡೆದವನ ಹೆಸರಿನ ಎಡಕ್ಕೆ ಇನ್ನೊಂದು ಗೆರೆ ಎಳೆದು, ‘ಚೆಂಡು ಕೊಟ್ಟವನು’ ಎಂದು ತಲೆಬರಹ ಬರೆದಿದ್ದೇವೆ.